ಹಲವು ಬಾಗಿಲುಗಳ ಗಣಕ

ದಾವಣಗೆರೆಗೆ ಸಮೀಪದಲ್ಲಿರುವ ಹರಿಹರವು ತುಂಗಭದ್ರೆಯ ದಡದ ಪುರಾತನ ಕ್ಷೇತ್ರ. ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯದಿಂದ ಹೆಸರಾಗಿದ್ದ ಈ ಊರಿಗೆ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಇನ್ನೊಂದು ಬಗೆಯ ಖ್ಯಾತಿಯನ್ನು ತಂದಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೂರದೂರದ ವರ್ಕ್‌ಶಾಪುಗಳನ್ನು ಸೇರಿದವು. ಆ ಕಾರ್ಖಾನೆ ಮುಚ್ಚಿಹೋಗಿದ್ದರೂ ಲೇತ್ ಎಂದರೇನೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಲೇತಿನಲ್ಲಿ ಕೆಲಸಗಾರನು ಕೈಯಿಂದ ಚಕ್ರ ತಿರುಗಿಸಿ ಉಳಿಯನ್ನು ನಡೆಸುತ್ತಿದ್ದನು. ಸಿ.ಎನ್.ಸಿ. ಲೇತಿನಲ್ಲಿ ಆ ಕೆಲಸವನ್ನು ಅಕ್ಷರ ಮತ್ತು ಅಂಕಿಗಳ ಆಜ್ಞೆಗಳು ಮಾಡುತ್ತವೆ. ‘ಎಕ್ಸ್ 50.0’ ಎಂದರೆ ಉಳಿಯು 50 ಮಿಲಿಮೀಟರ್ ವ್ಯಾಸದ ಸ್ಥಾನಕ್ಕೆ ಬರಬೇಕು. ದಾರಿಯಲ್ಲಿ ಆ ಚುಕ್ಕೆಯೊಂದು ಕಳೆದುಹೋಯಿತೆನ್ನಿ. ಯಂತ್ರವು ‘500’ ಎಂದು ಓದುತ್ತದೆ. ಚುಕ್ಕೆಯಿಲ್ಲದ ಸಂಖ್ಯೆಯನ್ನು ಮಿಲಿಮೀಟರಿನ ಸಾವಿರದ ಅಂಶಗಳಾಗಿ ಎಣಿಸುವ ಯಂತ್ರಗಳೇ ಹೆಚ್ಚು. ಆಗ ಉಳಿಯು ಅರ್ಧ ಮಿಲಿಮೀಟರ್ ವ್ಯಾಸವನ್ನು ಹುಡುಕಿಕೊಂಡು ತಿರುಗುತ್ತಿರುವ ಉಕ್ಕಿನೊಳಕ್ಕೆ ನುಗ್ಗುವುದು. ಉಳಿ ಮುರಿಯುವುದಲ್ಲದೆ ಎದುರಿಗೆ ನಿಂತವನಿಗೂ ಅಪಾಯ ಉಂಟು.

ಹಳೆಯ ಸಿ.ಎನ್.ಸಿ. ಯಂತ್ರಗಳ ಸ್ಮರಣಶಕ್ತಿ ಅತ್ಯಲ್ಪ. ಆದುದರಿಂದ ಉದ್ದವಾದ ಆಜ್ಞಾಪಟ್ಟಿಯನ್ನು ಸರ್ವರ್ ಎನ್ನುವ ಒಂದು ಗಣಕದಲ್ಲಿಟ್ಟು, ಕೆಲಸ ನಡೆಯುತ್ತಿರುವಂತೆಯೇ ಸ್ವಲ್ಪಸ್ವಲ್ಪವಾಗಿ ಕಳುಹಿಸುವ ಪದ್ಧತಿ ಬಂದಿತು. ಇದಕ್ಕೆ ಬಳಸುವ ಬಾಗಿಲೇ ಸೀರಿಯಲ್ ಪೋರ್ಟ್. ಇರುವೆಗಳ ಸಾಲಿನಂತೆ ಬಿಟ್ಟುಗಳು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಅಕ್ಷರದ ಎಂಟು ಬಿಟ್ಟುಗಳಿಗೆ ಆರಂಭದ್ದೊಂದು, ಅಂತ್ಯದ್ದೊಂದು ಸೇರಿ ಹತ್ತಾಗುತ್ತವೆ. ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ 960 ಅಕ್ಷರಗಳು ಹೋಗುತ್ತವೆ.

ಹದಿನಾರು ಲೇತುಗಳಿದ್ದರೆ ಹದಿನಾರು ಬಾಗಿಲುಗಳು ಬೇಕು. 1981ರಲ್ಲಿ ಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ವಂಶದ ಗಣಕಗಳಲ್ಲಿ ವಾಡಿಕೆಯಾಗಿ ನಾಲ್ಕು ಸೀರಿಯಲ್ ಪೋರ್ಟುಗಳಿಗೆ ಹೆಸರಿತ್ತು. ಅವು ಸಂಸ್ಕಾರಕವನ್ನು ಕೂಗಿ ಕರೆಯಲು ಇದ್ದ ಇಂಟರಪ್ಟ್ ತಂತಿಗಳು ಎರಡೇ. ತೊಡಕು ಇಲ್ಲಿದೆ. ಪೆಟ್ಟಿಗೆಯ ಹಿಂಬದಿಯಲ್ಲಿ ರಂಧ್ರಗಳನ್ನು ಹೆಚ್ಚಿಸುವುದು ದೊಡ್ಡ ಕೆಲಸವಲ್ಲ, ಅಷ್ಟೂ ಬಾಗಿಲುಗಳ ಕರೆಯನ್ನು ಒಬ್ಬನೇ ಕೇಳಿಸಿಕೊಳ್ಳುವುದು ದೊಡ್ಡ ಕೆಲಸ.

ದಾವಣಗೆರೆಯ ವಿದ್ಯಾನಗರದಲ್ಲಿ ಹದಿನಾರು ಮನೆಗಳ ಬೀದಿಯೊಂದನ್ನೂ, ಆ ಮನೆಗಳ ಕಾಗದಪತ್ರಗಳನ್ನು ಸಾಗಿಸುವ ಒಬ್ಬ ಹುಡುಗನನ್ನೂ ಕಲ್ಪಿಸಿಕೊಳ್ಳೋಣ. ಪ್ರತಿ ಬಾಗಿಲಿಗೂ ಹೋಗಿ “ಏನಾದರೂ ಉಂಟೇ?” ಎಂದು ಕೇಳುತ್ತ ಹೊರಟರೆ ಅವನ ದಿನವೆಲ್ಲ ತಿರುಗಾಟದಲ್ಲೇ ಕಳೆಯುವುದು. ಮನೆಗೊಂದು ಗಂಟೆ ಕಟ್ಟಲು ತಂತಿಯಿಲ್ಲ. ಆಗ ಉಳಿಯುವ ಉಪಾಯವೆಂದರೆ ಎಲ್ಲ ಮನೆಗಳಿಗೂ ಒಂದೇ ಗಂಟೆ. ಅದರ ಪಕ್ಕದಲ್ಲಿ, ಬಾರಿಸಿದವರು ಯಾರೆಂದು ತೋರಿಸುವ ಒಂದು ಹಲಗೆ. ಎಂಟು ಅಥವಾ ಹದಿನಾರು ಪೋರ್ಟುಗಳ ಕಾರ್ಡನ್ನು ಸರ್ವರಿಗೆ ಜೋಡಿಸಿದಾಗ ನಡೆಯುವುದು ಇದೇ.

ಇಷ್ಟಾದರೂ ಹದಿನಾರು ಬಾಗಿಲುಗಳೂ ಪೂರ್ಣ ವೇಗದಲ್ಲಿ ದುಡಿದರೆ ಸೆಕೆಂಡಿಗೆ 15,360 ಅಕ್ಷರಗಳು. ಅಕ್ಷರಕ್ಕೊಂದು ಕರೆಯಂತೆ ಅಷ್ಟೇ ಕರೆಗಳು. ಹಳೆಯ ಸಂಸ್ಕಾರಕಕ್ಕೆ ಇದು ಹೊರಲಾರದ ಹೊರೆ. 16550ಎ ಎಂಬ ಚಿಪ್ಪಿನಲ್ಲಿ ಪ್ರತಿ ಬಾಗಿಲಿಗೂ 16 ಅಕ್ಷರ ಹಿಡಿಯುವ ಪೆಟ್ಟಿಗೆಯನ್ನಿಟ್ಟರು. ಒಂದು ಕರೆಗೆ ಹದಿನಾರು ಅಕ್ಷರಗಳನ್ನು ತುಂಬಬಹುದಾದ್ದರಿಂದ ಕರೆಗಳು 960ಕ್ಕೆ ಇಳಿದವು.

ಆದರೆ ಈ ಪೆಟ್ಟಿಗೆಗೊಂದು ಕೊಂಕೂ ಇದೆ. ಲೇತಿನ ಸ್ಮರಣೆ ತುಂಬುತ್ತ ಬಂದಾಗ ಅದು ಸರ್ವರಿಗೆ ‘ನಿಲ್ಲಿಸು’ ಎಂಬ ಅಕ್ಷರವನ್ನು ಕಳುಹಿಸುತ್ತದೆ. ತೆರವಾದಾಗ ‘ಮುಂದುವರಿಸು’ ಎನ್ನುತ್ತದೆ. ‘ನಿಲ್ಲಿಸು’ ಎಂಬುದನ್ನು ಸರ್ವರ್ ಕೇಳಿಸಿಕೊಂಡರೂ ಪೆಟ್ಟಿಗೆಗೆ ಹಾಕಿಯಾದ ಅಕ್ಷರಗಳು ಹೊರಟೇ ಹೋಗುತ್ತವೆ. ಲೇತಿನಲ್ಲಿ ಅಷ್ಟಕ್ಕೆ ಜಾಗ ಉಳಿದಿಲ್ಲವಾದರೆ ಅವು ಚೆಲ್ಲಿಹೋಗುವುವು. ಚೆಲ್ಲಿದವುಗಳಲ್ಲಿ ಆ ಚುಕ್ಕೆಯೂ ಇರಬಹುದು! ಅದರಿಂದ ಲೇತು ಪೂರ್ತಿ ತುಂಬುವುದಕ್ಕೆ ಮುನ್ನವೇ ‘ನಿಲ್ಲಿಸು’ ಎನ್ನಬೇಕು. ಆ ಮಾತು ಕಿವಿಗೆ ಬಿದ್ದೊಡನೆ ಸರ್ವರ್ ತುಂಬುವುದನ್ನು ಬಿಡಬೇಕು.

ದೂರದ ಪ್ರಶ್ನೆಯೂ ಇದೆ. 1969ರ ಆರ್.ಎಸ್.-232-ಸಿ ನಿಯಮವು ಕೇಬಲ್ಲಿಗೆ ಸೂಚಿಸಿದ ಉದ್ದ 50 ಅಡಿ ಮಾತ್ರ. ಮೋಟಾರುಗಳ ನಡುವೆ ಹಾಯುವ ತಂತಿಯಲ್ಲಿ ವಿದ್ಯುತ್ತಿನ ಗದ್ದಲ ಬೇರೆ. ಆರ್.ಎಸ್.-422 ಪದ್ಧತಿಯಲ್ಲಿ ಹೆಣೆದ ಎರಡು ತಂತಿಗಳ ನಡುವಣ ವ್ಯತ್ಯಾಸವನ್ನಷ್ಟೇ ಓದುತ್ತಾರೆ. ಗದ್ದಲವು ಎರಡಕ್ಕೂ ಸಮನಾಗಿ ತಗಲುವುದರಿಂದ ವ್ಯತ್ಯಾಸ ಕೆಡುವುದಿಲ್ಲ. ಕಡಿಮೆ ವೇಗದಲ್ಲಿ 1200 ಮೀಟರುಗಳವರೆಗೆ ಸಾಗಬಹುದು. ಈಗ ಯಂತ್ರದ ಮಗ್ಗುಲಲ್ಲೇ ಚಿಕ್ಕ ಪೆಟ್ಟಿಗೆಯೊಂದನ್ನಿಟ್ಟು ಅದನ್ನು ಈಥರ್ನೆಟ್ ಜಾಲದ ಮೂಲಕ ಸರ್ವರಿಗೆ ಸೇರಿಸುವುದುಂಟು. ಬಾಗಿಲು ಇರುವುದು ಲೇತಿನ ಪಕ್ಕದಲ್ಲಿ. ಸರ್ವರ್ ಮಾತ್ರ ಅದನ್ನು ತನ್ನದೇ ಮೈಮೇಲಿನ ಬಾಗಿಲೆಂದು ತಿಳಿಯುತ್ತದೆ.

ಹೊಸ ಬಾಗಿಲನ್ನು ಜೋಡಿಸಿದ ದಿನ ಬಲ್ಲ ತಂತ್ರಜ್ಞರು ಲೇತಿಗೆ ಲೋಹವನ್ನು ಕಟ್ಟುವುದಿಲ್ಲ. ಲೇತಿನ ಸ್ಮರಣೆ ಹಿಡಿಯುವಷ್ಟು ಉದ್ದದ ಆಜ್ಞಾಪಟ್ಟಿಯನ್ನು ಕಳುಹಿಸಿ, ಅದನ್ನೇ ಮರಳಿ ತರಿಸಿಕೊಂಡು, ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಉಳಿದ ಲೇತುಗಳೆಲ್ಲ ಕೆಲಸದಲ್ಲಿರುವಾಗ ಮತ್ತೊಮ್ಮೆ ಹೋಲಿಸುತ್ತಾರೆ. ಒಂದು ಚುಕ್ಕೆಯೂ ತಪ್ಪಿಲ್ಲವೆಂದು ಕಂಡ ಮೇಲೆ ಉಕ್ಕಿನ ತುಂಡನ್ನು ಲೇತಿಗೆ ಬಿಗಿಯುತ್ತಾರೆ.