ಸಿಗ್ನಸ್ ಎ (ರೇಡಿಯೊ ಗೆಲಾಕ್ಸಿ)

ಸಿಗ್ನಸ್ ಎ ಎಂಬುದು ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, ಭೂಮಿಯಿಂದ ಸುಮಾರು 75 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿರುವ ಒಂದು ರೇಡಿಯೊ ಗೆಲಾಕ್ಸಿ. ಕೇಂಬ್ರಿಜ್ ವಿಜ್ಞಾನಿಗಳು ಸಿದ್ಧಪಡಿಸಿದ ರೇಡಿಯೊ ಮೂಲಗಳ ಮೂರನೆಯ ಪಟ್ಟಿಯಲ್ಲಿ ಇದರ ಕ್ರಮಸಂಖ್ಯೆ 405 ಆಗಿರುವುದರಿಂದ ಇದನ್ನು 3ಸಿ 405 ಎಂದೂ ಕರೆಯುತ್ತಾರೆ. ಸೌರವ್ಯೂಹದ ಆಚೆಗಿನ ರೇಡಿಯೊ ಮೂಲಗಳಲ್ಲಿ ಕ್ಯಾಸಿಯೋಪಿಯ ಎ ಎಂಬ ಸೂಪರ್‌ನೋವಾ ಅವಶೇಷವನ್ನು ಬಿಟ್ಟರೆ ಇದೇ ಅತ್ಯಂತ ಪ್ರಖರವಾದುದು. ಆದರೆ ಕ್ಯಾಸಿಯೋಪಿಯ ಎ ನಮ್ಮದೇ ಆಕಾಶಗಂಗೆಯೊಳಗೆ, ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದಕ್ಕಿಂತ ಎಪ್ಪತ್ತು ಸಾವಿರ ಪಟ್ಟು ಆಚೆಗಿದ್ದೂ ಸಿಗ್ನಸ್ ಎ ಅದಕ್ಕೆ ಸಾಟಿಯಾಗಿ ಬೆಳಗುತ್ತದೆಂದರೆ ಅದರ ನಿಜವಾದ ಸಾಮರ್ಥ್ಯ ಎಷ್ಟಿರಬೇಕೆಂಬುದನ್ನು ಊಹಿಸಬಹುದು. ರೇಡಿಯೊ ತರಂಗಗಳ ರೂಪದಲ್ಲಿಯೇ ಅದು ಹೊರಸೂಸುವ ಶಕ್ತಿ ಹತ್ತು ಸಾವಿರ ಕೋಟಿ ಸೂರ್ಯರ ಒಟ್ಟು ಪ್ರಭೆಯನ್ನು ಮೀರುತ್ತದೆ.

ಆಕಾಶದಲ್ಲಿ ಸ್ಥಾನ

ರಾಜಹಂಸದ ಎದೆಯ ಭಾಗದಲ್ಲಿರುವ ಸದ್ರ್ ಎಂಬ ತಾರೆಯಿಂದ ಪಶ್ಚಿಮಕ್ಕೆ ಸುಮಾರು ನಾಲ್ಕು ಅಂಶ ದೂರದಲ್ಲಿ ಈ ಗೆಲಾಕ್ಸಿಯಿದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಿಂದ ನೋಡುವವರಿಗೆ ಸೆಪ್ಟೆಂಬರ್ ತಿಂಗಳ ಮೂರನೆಯ ವಾರದಲ್ಲಿ ರಾತ್ರಿ ಎಂಟೂವರೆಯ ವೇಳೆಗೆ ಅದು ಉತ್ತರ ದಿಗಂತದಿಂದ ಸುಮಾರು 65 ಅಂಶ ಎತ್ತರದಲ್ಲಿ, ಮಧ್ಯಾಹ್ನ ರೇಖೆಯ ಮೇಲೆ ಇರುತ್ತದೆ. ಬರಿಗಣ್ಣಿಗೆ ಅಲ್ಲಿ ಕಾಣುವುದು ಆಕಾಶಗಂಗೆಯ ಮಬ್ಬು ಪಟ್ಟಿ ಮಾತ್ರ. ದೊಡ್ಡ ದೂರದರ್ಶಕದಲ್ಲಿಯೂ ಅದು ಮಸುಕಾದ ಚಿಕ್ಕ ಮಚ್ಚೆಯಂತೆ ತೋರುತ್ತದೆ. ರೇಡಿಯೊ ತರಂಗಗಳಿಗಾದರೋ ಮಳೆಗಾಲದ ಮೋಡಗಳ ಅಡ್ಡಿಯಿಲ್ಲ, ಹಗಲಿನ ಅಡ್ಡಿಯೂ ಇಲ್ಲ.

ರೇಡಿಯೊ ಗೆಲಾಕ್ಸಿ ಎಂದೊಡನೆ ಅದರಿಂದ ಧ್ವನಿ ಬರುತ್ತದೆಯೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆಕಾಶವಾಣಿಯ ಕಾರ್ಯಕ್ರಮವನ್ನು ಮನೆಗೆ ತರುವ ತರಂಗವೂ ಧ್ವನಿಯಲ್ಲ. ಅದು ಬೆಳಕಿನ ಕುಲಕ್ಕೆ ಸೇರಿದ, ಕಣ್ಣಿಗೆ ಕಾಣದಷ್ಟು ಉದ್ದನೆಯ ಅಲೆ. ಸಿಗ್ನಸ್ ಎ ಇಂದ ಬರುವುದೂ ಅದೇ.

ಶೋಧದ ಇತಿಹಾಸ

ಅಮೆರಿಕದ ಗ್ರೋಟ್ ರೀಬರ್ ತನ್ನ ಮನೆಯ ಹಿತ್ತಲಲ್ಲಿ ಸ್ವಂತ ಖರ್ಚಿನಿಂದ ಕಟ್ಟಿದ ತಟ್ಟೆಯಾಕಾರದ ಆಂಟೆನಾದಿಂದ ಆಕಾಶದ ರೇಡಿಯೊ ನಕ್ಷೆಯನ್ನು ತಯಾರಿಸಿದಾಗ ರಾಜಹಂಸದ ದಿಕ್ಕಿನಲ್ಲಿ ಒಂದು ಉಬ್ಬು ಕಂಡುಬಂದಿತ್ತು. 1946ರಲ್ಲಿ ಇಂಗ್ಲೆಂಡಿನ ಹೇ, ಪಾರ್ಸನ್ಸ್ ಮತ್ತು ಫಿಲಿಪ್ಸ್ ಅಲ್ಲಿಂದ ಬರುವ ತರಂಗಗಳ ತೀವ್ರತೆ ಕ್ಷಣಕ್ಷಣಕ್ಕೂ ಏರಿಳಿಯುವುದನ್ನು ಗುರುತಿಸಿದರು. ಈ ಏರಿಳಿತ ನಮ್ಮ ಅಯಾನುಗೋಳದ ಕಿತಾಪತಿಯೆಂದು ಅನಂತರ ತಿಳಿಯಿತು. ನಕ್ಷತ್ರಗಳು ಮಿನುಗಿದಂತೆಯೇ ಇದೂ ಮಿನುಗುತ್ತಿತ್ತು. ಮಿನುಗಬೇಕಾದರೆ ಮೂಲವು ಚಿಕ್ಕದಾಗಿರಬೇಕು. ಹೀಗೆ ಆಕಾಶದಲ್ಲಿ ಬಿಡಿಬಿಡಿಯಾದ ರೇಡಿಯೊ ಮೂಲಗಳಿವೆಯೆಂಬುದು ಮೊದಲ ಬಾರಿಗೆ ಗೊತ್ತಾಯಿತು.

ಆ ಬಿಂದುವಿನಲ್ಲಿ ಇರುವುದೇನು ಎಂಬ ಪ್ರಶ್ನೆಗೆ ಉತ್ತರ ಸಿಗಲು ಸ್ಥಾನದ ನಿಖರತೆ ಬೇಕಾಗಿತ್ತು. ಕೇಂಬ್ರಿಜ್‌ನ ಗ್ರಹಾಂ ಸ್ಮಿತ್ 1951ರಲ್ಲಿ ಅದನ್ನು ಒದಗಿಸಿದರು. ಅದರ ಆಧಾರದ ಮೇಲೆ ವಾಲ್ಟರ್ ಬಾಡೆ ಮತ್ತು ರುಡಾಲ್ಫ್ ಮಿಂಕೋವ್‌ಸ್ಕಿ ಪಾಲೊಮಾರ್ ಪರ್ವತದ ಐದು ಮೀಟರ್ ದೂರದರ್ಶಕದಿಂದ ಅಲ್ಲಿ ಎರಡು ತುಂಡಾದಂತೆ ಕಾಣುವ ಒಂದು ಮಸುಕು ಗೆಲಾಕ್ಸಿಯನ್ನು ಪತ್ತೆ ಮಾಡಿದರು. ಅದರ ರೋಹಿತದ ರೇಖೆಗಳು ಕೆಂಪಿನ ಕಡೆಗೆ ಸರಿದಿದ್ದವು. ಅದು ಸೆಕೆಂಡಿಗೆ ಸುಮಾರು 17,000 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿದೆಯೆಂದು ಲೆಕ್ಕ ಬಂದಿತು. ಆ ಕಾಲಕ್ಕೆ ಇದು ಬೆರಗಿನ ಸಂಗತಿ. ಆಕಾಶದ ಎರಡನೆಯ ಪ್ರಬಲ ರೇಡಿಯೊ ಮೂಲವು ಹತ್ತಿರದ ಯಾವುದೋ ತಾರೆಯಲ್ಲ, ಊಹೆಗೂ ಮೀರಿದ ದೂರದ ಗೆಲಾಕ್ಸಿ ಎಂದಾಯಿತು.

ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದುದರ ಫಲವಿದು ಎಂದು ಬಾಡೆ ವಾದಿಸಿದರು. ಮಿಂಕೋವ್‌ಸ್ಕಿ ಒಪ್ಪದಿದ್ದಾಗ ಇಬ್ಬರೂ ಒಂದು ಬಾಟಲಿ ವಿಸ್ಕಿಯನ್ನು ಪಣಕ್ಕಿಟ್ಟರು. ರೋಹಿತವನ್ನು ನೋಡಿದ ಮೇಲೆ ಮಿಂಕೋವ್‌ಸ್ಕಿ ಸೋಲೊಪ್ಪಿಕೊಂಡರು. ಇಬ್ಬರ ಲೇಖನ 1954ರಲ್ಲಿ ಪ್ರಕಟವಾಯಿತು. ವಿಜ್ಞಾನದ ಇತಿಹಾಸದಲ್ಲಿ ಗೆದ್ದವನ ವಾದವೇ ಮುಂದೆ ಬಿದ್ದುಹೋದ ಪ್ರಸಂಗಗಳಲ್ಲಿ ಇದೂ ಒಂದು. ಗೆಲಾಕ್ಸಿಯ ಮಧ್ಯದಲ್ಲಿ ಹಾದುಹೋಗುವ ಧೂಳಿನ ಪಟ್ಟಿಯೇ ಅದನ್ನು ಎರಡಾಗಿ ತೋರಿಸುತ್ತಿತ್ತು. ಡಿಕ್ಕಿಯಿಂದ ಅಷ್ಟೊಂದು ಶಕ್ತಿ ಹುಟ್ಟುವುದಿಲ್ಲವೆಂಬುದೂ ಸ್ಪಷ್ಟವಾಯಿತು.

ಜೆನಿಸನ್ ಮತ್ತು ದಾಸ್‌ಗುಪ್ತ

ಸಿಗ್ನಸ್ ಎ ಇಂದಿನ ರೇಡಿಯೊ ಖಗೋಳಶಾಸ್ತ್ರದ ಪಠ್ಯಗಳಲ್ಲಿ ಮಾದರಿಯಾಗಿ ನಿಂತಿರುವುದಕ್ಕೆ ಕಾರಣವಾದ ಶೋಧದಲ್ಲಿ ಒಬ್ಬ ಭಾರತೀಯನ ಪಾಲಿದೆ. ಕಲ್ಕತ್ತೆಯಿಂದ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯಕ್ಕೆ ತೆರಳಿದ್ದ ಮೃಣಾಲ್ ಕುಮಾರ್ ದಾಸ್‌ಗುಪ್ತ, ರೋಜರ್ ಜೆನಿಸನ್ ಅವರೊಡಗೂಡಿ ಈ ಮೂಲದ ಆಕಾರವನ್ನು ಅಳೆಯುವ ಕೆಲಸಕ್ಕೆ ಕೈಹಾಕಿದರು. ರಾಬರ್ಟ್ ಹ್ಯಾನ್‌ಬರಿ ಬ್ರೌನ್ ಅವರ ಯೋಚನೆಯಂತೆ ರೂಪುಗೊಂಡ ತೀವ್ರತಾ ವ್ಯತಿಕರಣಮಾಪಕ ಅವರ ಉಪಕರಣ. ಎರಡು ಆಂಟೆನಾಗಳನ್ನು ಕಿಲೋಮೀಟರುಗಳಷ್ಟು ಅಂತರದಲ್ಲಿಟ್ಟು, ಎರಡರಲ್ಲೂ ದಾಖಲಾಗುವ ತೀವ್ರತೆಯ ಏರಿಳಿತಗಳು ಎಷ್ಟರಮಟ್ಟಿಗೆ ತಾಳೆಯಾಗುತ್ತವೆಂದು ನೋಡುವುದು ಅದರ ತತ್ತ್ವ.

ಮೂಲವು ಒಂದೇ ಉಂಡೆಯಾಗಿದ್ದರೆ ಅಂತರ ಹೆಚ್ಚಿಸಿದಂತೆಲ್ಲ ತಾಳೆ ಕುಗ್ಗುತ್ತ ಹೋಗಬೇಕು. ಆದರೆ ಅದು ಒಂದು ಹಂತದವರೆಗೆ ಕುಗ್ಗಿ ಮತ್ತೆ ಏರಿತು. ಇದರರ್ಥ ಒಂದೇ ಎಂದು ತಿಳಿದಿದ್ದ ಮೂಲವು ಎರಡಾಗಿತ್ತು. 1953ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಂದರಿಂದೊಂದು ದೂರವಿರುವ ಎರಡು ಪ್ರಖರ ಪ್ರದೇಶಗಳು ಗೆಲಾಕ್ಸಿಯ ಎರಡು ಪಕ್ಕಗಳಲ್ಲಿ ಹರಡಿಕೊಂಡಿವೆ. ನಕ್ಷತ್ರಗಳಿರುವ ನಡುಭಾಗವು ರೇಡಿಯೊದಲ್ಲಿ ಹೆಚ್ಚುಕಡಿಮೆ ಖಾಲಿ. ಮುಂದೆ ನೂರಾರು ಗೆಲಾಕ್ಸಿಗಳಲ್ಲಿ ಇದೇ ಜೋಡಿ ರಚನೆ ಕಂಡುಬಂದಿತು. ಇಷ್ಟು ಮಹತ್ವದ ಕೆಲಸ ಮಾಡಿದ ದಾಸ್‌ಗುಪ್ತರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಕಾಣಸಿಗದಿರುವುದು ಖೇದದ ವಿಷಯ.

ರಚನೆ

ಆಧುನಿಕ ರೇಡಿಯೊ ಚಿತ್ರಗಳಲ್ಲಿ ಸಿಗ್ನಸ್ ಎ ನಾಲ್ಕು ಬಗೆಯ ಅಂಗಗಳಿಂದ ಕೂಡಿದೆ. ನಟ್ಟನಡುವೆ ಚುಕ್ಕೆಯಂಥ ಬೀಜಕೇಂದ್ರ; ಅದರಿಂದ ವಿರುದ್ಧ ದಿಕ್ಕುಗಳಿಗೆ ಚಿಮ್ಮುವ ತೆಳ್ಳನೆಯ ಎರಡು ಜೆಟ್‌ಗಳು; ಜೆಟ್‌ಗಳು ಕೊನೆಗೊಳ್ಳುವೆಡೆ ಉಜ್ವಲವಾದ ತಪ್ತಬಿಂದುಗಳು; ಅವುಗಳಿಂದ ಹಿಂದಕ್ಕೆ ಹರಡಿಕೊಂಡ ವಿಶಾಲವಾದ ಹಾಲೆಗಳು. ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ನಾಲ್ಕು ಲಕ್ಷ ಜ್ಯೋತಿರ್ವರ್ಷಗಳ ಅಂತರ. ಆದರೂ ಆಕಾಶದಲ್ಲಿ ಇಡೀ ರಚನೆ ಆಕ್ರಮಿಸುವುದು ಪೂರ್ಣಚಂದ್ರನ ವ್ಯಾಸದ ಹದಿನೈದನೆಯ ಒಂದು ಭಾಗವನ್ನಷ್ಟೇ.

ಈ ಪ್ರಮಾಣಗಳನ್ನು ನೆಲದ ಮೇಲೆ ಇಳಿಸಿ ನೋಡುವುದು ಉಪಯುಕ್ತ. ಗೋಕಾಕದಿಂದ ಪಶ್ಚಿಮಕ್ಕೆ ಹುಕ್ಕೇರಿಯೂ ಈಶಾನ್ಯಕ್ಕೆ ಮೂಡಲಗಿಯೂ ಕಾಗೆ ಹಾರುವ ದಾರಿಯಲ್ಲಿ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿವೆ. (ಮೂರು ಊರುಗಳು ಒಂದೇ ಸರಳರೇಖೆಯಲ್ಲಿಲ್ಲ, ಸಿಗ್ನಸ್ ಎ ಯ ಅಂಗಗಳು ಬಹುಮಟ್ಟಿಗೆ ಇವೆ, ಇಷ್ಟು ವ್ಯತ್ಯಾಸವನ್ನು ಮನ್ನಿಸಬೇಕು.) ಗೆಲಾಕ್ಸಿಯ ಕೇಂದ್ರವನ್ನು ಗೋಕಾಕದಲ್ಲಿಟ್ಟು, ಎರಡು ತಪ್ತಬಿಂದುಗಳನ್ನು ಹುಕ್ಕೇರಿ ಮತ್ತು ಮೂಡಲಗಿಗಳಲ್ಲಿಟ್ಟರೆ, ಒಂದು ಮೀಟರಿಗೆ ಎಂಟು ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚಿನ ದೂರ ಬರುತ್ತದೆ. ಸೂರ್ಯನಿಂದ ಅತಿ ಸಮೀಪದ ನಕ್ಷತ್ರ ಆಗ ಅರ್ಧ ಮೀಟರ್ ಆಚೆಗಿರುತ್ತದೆ. ಇದೆಲ್ಲವನ್ನೂ ನಡೆಸುವ ಕೃಷ್ಣರಂಧ್ರದ ರಾಶಿ 2003ರಲ್ಲಿ ಪ್ರಕಟವಾದ ಅಳತೆಯಂತೆ ಸುಮಾರು 250 ಕೋಟಿ ಸೂರ್ಯರಷ್ಟು. ಅದರ ಅಂಚಿನಿಂದ ಅಂಚಿಗೆ ಇರುವ ಅಗಲ ಈ ನಕ್ಷೆಯಲ್ಲಿ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗವೂ ಆಗದು. ಅಂದರೆ ಗೋಕಾಕದ ಬೀದಿಯಲ್ಲಿ ಬಿದ್ದ ಒಂದು ನುಣುಪು ಮರಳಿನ ಕಣವು ಹುಕ್ಕೇರಿ, ಮೂಡಲಗಿಗಳಲ್ಲಿ ದೀಪ ಹೊತ್ತಿಸಿದಂತೆ.

ಕೃಷ್ಣರಂಧ್ರವು ಎಲ್ಲವನ್ನೂ ನುಂಗುತ್ತದೆಯೆಂಬ ಮಾತು ಪೂರ್ತಿ ಸರಿಯಲ್ಲ. ಅದರತ್ತ ಸುತ್ತುತ್ತ ಬೀಳುವ ಅನಿಲವು ಒಂದು ತಟ್ಟೆಯಾಗಿ ಕಾಯುತ್ತದೆ. ಅದರಲ್ಲಿ ಒಂದು ಪಾಲು ಒಳಕ್ಕೆ ಹೋಗುವ ಮೊದಲೇ ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕಿ, ಪರಿಭ್ರಮಣದ ಅಕ್ಷದ ಎರಡೂ ದಿಕ್ಕಿಗೆ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಎಸೆಯಲ್ಪಡುತ್ತದೆ. ಇದೇ ಜೆಟ್. ಸಿಗ್ನಸ್ ಎ ಯ ಜೆಟ್ಟನ್ನು ಅಮೆರಿಕದ ವೆರಿ ಲಾರ್ಜ್ ಅರೇ ದೂರದರ್ಶಕದಿಂದ ಪರ್ಲಿ, ಡ್ರೆಹರ್ ಮತ್ತು ಕೋವನ್ 1984ರಲ್ಲಿ ಸ್ಪಷ್ಟವಾಗಿ ಚಿತ್ರಿಸಿದರು. ವಾಯವ್ಯದ ಹಾಲೆಯತ್ತ ಸಾಗುವ ಜೆಟ್ ಎದ್ದುಕಾಣುತ್ತದೆ, ಎದುರಿನದು ಬಹಳ ಮಂದ. ನಮ್ಮ ಕಡೆಗೆ ವಾಲಿ ಬರುವ ಜೆಟ್ಟಿನ ವಿಕಿರಣ ಸಾಪೇಕ್ಷತೆಯ ನಿಯಮದಂತೆ ಹೆಚ್ಚು ಪ್ರಖರವಾಗಿ ಕಾಣುವುದೇ ಇದರ ಕಾರಣ.

ಜೆಟ್ ತುದಿಯಲ್ಲಿ ನಡೆಯುವುದನ್ನು ಗೋಕಾಕ ಜಲಪಾತವನ್ನು ಕಂಡವರು ಸುಲಭವಾಗಿ ಊಹಿಸಿಕೊಳ್ಳಬಹುದು. ಘಟಪ್ರಭೆ ಬಂಡೆಯಿಂದ ಧುಮುಕಿ ಕೆಳಗೆ ಅಪ್ಪಳಿಸುವಲ್ಲಿ ನೊರೆ ಏಳುತ್ತದೆ. ನೀರು ಅಲ್ಲಿಂದ ಸುತ್ತಲೂ ಹಿಂದಕ್ಕೂ ಹರಡುತ್ತದೆ. ಹಾಗೆಯೇ ಜೆಟ್ ಗೆಲಾಕ್ಸಿಗಳ ನಡುವಣ ವಿರಳ ಅನಿಲಕ್ಕೆ ಅಪ್ಪಳಿಸುವ ಜಾಗವೇ ತಪ್ತಬಿಂದು, ಅಲ್ಲಿಂದ ಹಿಂದಕ್ಕೆ ಹರಿದದ್ದು ಹಾಲೆ. ಅಪ್ಪಳಿಸಿದ ಎಲೆಕ್ಟ್ರಾನುಗಳು ಕಾಂತರೇಖೆಗಳ ಸುತ್ತ ಸುರುಳಿಯಾಗಿ ಚಲಿಸುತ್ತ ಸಿಂಕ್ರೊಟ್ರಾನ್ ವಿಕಿರಣವನ್ನು ಸೂಸುತ್ತವೆ. ಅಲ್ಲಿನ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸಾವಿರಾರು ಪಾಲು ದುರ್ಬಲ, ಆದರೆ ಅದು ತುಂಬಿಕೊಂಡಿರುವ ಸ್ಥಳ ಅಪಾರ. ತಪ್ತಬಿಂದು ಕೊನೆಯಲ್ಲಿರುವ ಇಂಥ ಗೆಲಾಕ್ಸಿಗಳನ್ನು ಫನಾರಾಫ್ ಮತ್ತು ರೈಲಿ 1974ರಲ್ಲಿ ಎರಡನೆಯ ವರ್ಗಕ್ಕೆ ಸೇರಿಸಿದರು.

ಶಕ್ತಿಯ ಸಮಸ್ಯೆ

ಹಾಲೆಗಳಲ್ಲಿ ಸಂಗ್ರಹವಾಗಿರುವ ಶಕ್ತಿಯನ್ನು 1950ರ ದಶಕದಲ್ಲಿ ಜೆಫ್ರಿ ಬರ್ಬಿಜ್ ಲೆಕ್ಕ ಹಾಕಿದಾಗ ಖಗೋಳಜ್ಞರು ಬೆಚ್ಚಿದರು. ಲಕ್ಷದ ಪ್ರಮಾಣದಲ್ಲಿ ಸೂರ್ಯರನ್ನು ಒಂದಿಷ್ಟೂ ಉಳಿಯದಂತೆ ಶಕ್ತಿಯಾಗಿ ಪರಿವರ್ತಿಸಿದರೆ ಬರುವಷ್ಟು ಶಕ್ತಿ ಅದು. ನಕ್ಷತ್ರಗಳ ಒಡಲಲ್ಲಿ ನಡೆಯುವ ಬೈಜಿಕ ಸಮ್ಮಿಲನವು ರಾಶಿಯ ಶೇಕಡ ಒಂದಕ್ಕಿಂತ ಕಡಿಮೆ ಭಾಗವನ್ನಷ್ಟೇ ಶಕ್ತಿಯಾಗಿಸಬಲ್ಲುದು. ಹೀಗಾಗಿ ತಿಳಿದಿದ್ದ ಯಾವ ವಿವರಣೆಯೂ ಸಾಲಲಿಲ್ಲ. ಗೆಲಾಕ್ಸಿಗಳ ಕೇಂದ್ರದಲ್ಲಿ ಬೃಹತ್ ಕೃಷ್ಣರಂಧ್ರಗಳಿರಬೇಕೆಂದು ಡೊನಾಲ್ಡ್ ಲಿಂಡನ್-ಬೆಲ್ 1969ರಲ್ಲಿ ಮಂಡಿಸಿದ ವಿಚಾರ ಇಲ್ಲಿಂದಾಚೆಗೆ ದಾರಿ ತೋರಿತು. ಕೃಷ್ಣರಂಧ್ರದತ್ತ ಬೀಳುವ ದ್ರವ್ಯ ಹತ್ತನೆಯ ಒಂದು ಭಾಗದವರೆಗೂ ಶಕ್ತಿಯಾಗಬಲ್ಲುದು. ಆ ಶಕ್ತಿಯನ್ನು ದೂರದ ಹಾಲೆಗಳಿಗೆ ಸಾಗಿಸುವ ಜೆಟ್ಟಿನ ಸಿದ್ಧಾಂತವನ್ನು ಬ್ಲ್ಯಾಂಡ್‌ಫರ್ಡ್ ಮತ್ತು ರೀಸ್ 1974ರಲ್ಲಿ ರೂಪಿಸಿದರು. ಅಂದಿಗೆ ಸಿಗ್ನಸ್ ಎ ಯ ಜೆಟ್ಟನ್ನು ಯಾರೂ ಕಂಡಿರಲಿಲ್ಲವೆಂಬುದು ಗಮನಾರ್ಹ.

ಈ ಗೆಲಾಕ್ಸಿ ಒಂದು ಗುಚ್ಛದ ನಡುವೆ, ಕೋಟ್ಯಂತರ ಡಿಗ್ರಿ ಉಷ್ಣತೆಯ ಅನಿಲದಲ್ಲಿ ಮುಳುಗಿದೆ. ಹಾಲೆಗಳು ಆ ಅನಿಲವನ್ನು ತಳ್ಳಿ ಪೊಳ್ಳು ಮಾಡಿರುವುದನ್ನು ಚಂದ್ರ ಎಕ್ಸ್-ಕಿರಣ ವೀಕ್ಷಣಾಲಯದ ಚಿತ್ರಗಳು ತೋರಿಸಿವೆ. ಆ ವೀಕ್ಷಣಾಲಯಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿಡಲಾಗಿದೆ.

ಕರ್ನಾಟಕದಿಂದ ವೀಕ್ಷಣೆ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜಂಟಿಯಾಗಿ ಸ್ಥಾಪಿಸಿದ ದೂರದರ್ಶಕದಲ್ಲಿ ತಟ್ಟೆಗಳಿಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದಕ್ಕೂ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಒಂದು ಸಾವಿರ ದ್ವಿಧ್ರುವ ಆಂಟೆನಾಗಳನ್ನು ಸಾಲಾಗಿ ನೆಡಲಾಗಿತ್ತು. 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು ಒಂಬತ್ತು ಮೀಟರ್ ಉದ್ದದ ಅಲೆಗಳಲ್ಲಿ ಅದು ಆಕಾಶವನ್ನು ನೋಡಿತು. ಅದರಿಂದ ತಯಾರಾದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದರು.

ಅರ್ಧ ಅಂಶದಷ್ಟು ಅಗಲದ ನೋಟವುಳ್ಳ ಆ ಉಪಕರಣಕ್ಕೆ ಸಿಗ್ನಸ್ ಎ ಯ ಎರಡು ಹಾಲೆಗಳು ಬೇರೆಬೇರೆಯಾಗಿ ಕಾಣುವುದು ಸಾಧ್ಯವಿಲ್ಲ. ಆ ಕೆಲಸಕ್ಕೆ ಪುಣೆಯ ಬಳಿಯ ಖೋಡದ್‌ನಲ್ಲಿರುವ ಬೃಹತ್ ಮೀಟರ್‌ತರಂಗ ರೇಡಿಯೊ ದೂರದರ್ಶಕದಂಥ, ಮೂವತ್ತು ತಟ್ಟೆಗಳು ದೂರದೂರ ಹರಡಿಕೊಂಡಿರುವ ವ್ಯವಸ್ಥೆ ಬೇಕು. ಹಾಗಿದ್ದರೂ ಉದ್ದನೆಯ ಅಲೆಗಳ ವೀಕ್ಷಣೆಗೆ ಅದರದೇ ಬೆಲೆಯಿದೆ. ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಬೇಗ ದಣಿಯುತ್ತವೆ, ಕಡಿಮೆ ಶಕ್ತಿಯವು ದೀರ್ಘಕಾಲ ಸೂಸುತ್ತಲೇ ಇರುತ್ತವೆ. ಆದ್ದರಿಂದ ತಪ್ತಬಿಂದುವಿನಿಂದ ಬಹಳ ಹಿಂದೆ ಹರಿದುಬಂದ ಹಳೆಯ ದ್ರವ್ಯವನ್ನು ಕಾಣಲು ಉದ್ದನೆಯ ಅಲೆಗಳೇ ಗತಿ. ಹೀಗೆ ಲೆಕ್ಕ ಹಾಕಿದ ಸಿಗ್ನಸ್ ಎ ಯ ಹಾಲೆಗಳ ವಯಸ್ಸು ಒಂದು ಕೋಟಿ ವರ್ಷದ ಆಸುಪಾಸಿನಲ್ಲಿದೆ.

ಇತ್ತೀಚಿನ ಬೆಳವಣಿಗೆ

ವೆರಿ ಲಾರ್ಜ್ ಅರೇ 2015ರಲ್ಲಿ ತೆಗೆದ ಚಿತ್ರಗಳಲ್ಲಿ ಕೇಂದ್ರದಿಂದ ಸುಮಾರು 1,500 ಜ್ಯೋತಿರ್ವರ್ಷ ದೂರದಲ್ಲಿ, ಹಿಂದಿನ ಚಿತ್ರಗಳಲ್ಲಿ ಇಲ್ಲದಿದ್ದ ಒಂದು ಹೊಸ ಪ್ರಖರ ಬಿಂದು ಕಾಣಿಸಿಕೊಂಡಿತು. 2017ರಲ್ಲಿ ಈ ವಿಷಯ ಪ್ರಕಟವಾಯಿತು. ಸಿಗ್ನಸ್ ಎ-2 ಎಂದು ಹೆಸರಾದ ಇದು, ಹಿಂದೊಮ್ಮೆ ವಿಲೀನಗೊಂಡ ಇನ್ನೊಂದು ಗೆಲಾಕ್ಸಿಯ ಕೃಷ್ಣರಂಧ್ರವಾಗಿದ್ದು, ಆಹಾರ ಸಿಕ್ಕಿ ಈಗ ಎಚ್ಚೆತ್ತಿರಬಹುದೆಂಬುದು ಒಂದು ವಿವರಣೆ. ಈ ವಿವರಣೆ ನಿಂತರೆ ಬಾಡೆಯವರ ಡಿಕ್ಕಿಯ ಊಹೆಗೆ, ಅವರು ಎಣಿಸದ ಬೇರೊಂದು ಅರ್ಥದಲ್ಲಿ, ಸ್ವಲ್ಪ ಜಾಗ ಸಿಕ್ಕಂತಾಗುತ್ತದೆ.