ಹುಷಾರಿಲ್ಲದ ದಿನದ ಸಂಬಳ

ಕಾಯಿಲೆ ಬಿದ್ದ ದಿನಕ್ಕೂ ಸಂಬಳ ಪಡೆಯುವ ಹಕ್ಕು ಭಾರತದಲ್ಲಿ ಎಲ್ಲ ದುಡಿಯುವವರಿಗೂ ಒಂದೇ ತೆರನಾಗಿಲ್ಲ. ಎಷ್ಟು ರಜೆ, ಎಷ್ಟು ಹಣ ಎಂಬುದನ್ನು ತೀರ್ಮಾನಿಸುವುದು ಕಾಯಿಲೆಯಲ್ಲ, ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ ಎಂಬುದು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಸುತ್ತಲಿನ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಅಣ್ಣ ಸರ್ಕಾರಿ ಶಾಲೆಯ ಮೇಷ್ಟ್ರು, ತಮ್ಮ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ತಂಗಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಚಿಕ್ಕಪ್ಪ ತೋಟಗಳಲ್ಲಿ ಕಾಯಿ ಸುಲಿಯುತ್ತಾನೆ. ನಾಲ್ವರಿಗೂ ಒಂದೇ ವಾರ ಚಿಕೂನ್‌ಗುನ್ಯಾ ಬಂದರೂ ಲೆಕ್ಕ ನಾಲ್ಕು ಬಗೆ.

ಮೇಷ್ಟ್ರಿಗೆ ಚಿಂತೆ ಕಡಿಮೆ. ರಾಜ್ಯ ಸರ್ಕಾರಿ ನೌಕರರಿಗೆ ಸಾಂದರ್ಭಿಕ ರಜೆಯ ಜೊತೆಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಅಂಥ ಎರಡು ದಿನಗಳನ್ನು ಪೂರ್ಣ ಸಂಬಳದ ಒಂದು ದಿನವಾಗಿ ಪರಿವರ್ತಿಸಿಕೊಳ್ಳಬಹುದು.

ಅಂಗಡಿಯ ತಮ್ಮನಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಕಾಯಿಲೆ ಅಥವಾ ಅಪಘಾತದ ಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಅದರ 15ನೇ ಕಲಂ ಹೇಳುತ್ತದೆ. ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಸಿಗುವ ಗಳಿಕೆ ರಜೆ ಇದರಿಂದ ಬೇರೆ. ಆದರೆ ಈ ಕಾಯ್ದೆ ಪಟ್ಟಿಯಲ್ಲಿರುವ, ಇಲ್ಲವೇ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಿಗಷ್ಟೇ ಅನ್ವಯಿಸುತ್ತದೆ. ಪೇಟೆ ಬೀದಿಯ ಅಂಗಡಿಗೆ ಇರುವ ಕಾನೂನು ದೇವಸ್ಥಾನದ ಮುಂದಿನ ಹಣ್ಣುಕಾಯಿ ಅಂಗಡಿಗೆ ಇಲ್ಲದಿರಬಹುದು. ಇದ್ದ ಕಡೆಯೂ 'ಬರದಿದ್ರೆ ಸಂಬಳ ಕಟ್' ಎನ್ನುವ ಮಾಲೀಕರು ಅಪರೂಪವಲ್ಲ. ದೂರು ಕೊಡಬೇಕಾದ್ದು ಕಾರ್ಮಿಕ ನಿರೀಕ್ಷಕರಿಗೆ.

ಕಾರ್ಖಾನೆಯ ಕಥೆ ಹೆಚ್ಚು ಜಟಿಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರ್ಷಿಕ ರಜೆ ಇತ್ತೇ ಹೊರತು ಕಾಯಿಲೆ ರಜೆ ಇರಲಿಲ್ಲ. ಆ ಹೊಣೆಯನ್ನು ವಿಮೆಗೆ ಬಿಡಲಾಯಿತು. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಬುನಾದಿಯ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಎಸ್‌ಐ ಕಾಯ್ದೆ ಬಂತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. 2025ರ ನವೆಂಬರ್ 21ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2017ರಿಂದ ಯೋಜನೆಗೆ ಒಳಪಡುವ ವೇತನದ ಮಿತಿ ತಿಂಗಳಿಗೆ ₹21,000. 2019ರ ಜುಲೈನಿಂದ ಕಾರ್ಮಿಕರ ವಂತಿಗೆ ವೇತನದ ಶೇ 0.75, ಮಾಲೀಕರದು ಶೇ 3.25.

ಇಎಸ್‌ಐ ಕೊಡುವುದು ರಜೆಯ ಸಂಬಳವನ್ನಲ್ಲ, ಅನಾರೋಗ್ಯ ಭತ್ಯೆಯನ್ನು. ಸರಾಸರಿ ದಿನಗೂಲಿಯ ಶೇ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ಮುಂದುವರಿಯಬಹುದು. ಸಣ್ಣ ಜ್ವರಕ್ಕೆ ಮಾತ್ರ ಇದು ಜಿಪುಣ. ಗಾರ್ಮೆಂಟ್ಸ್ ತಂಗಿಯ ದಿನಗೂಲಿ ₹450 ಎಂದುಕೊಂಡರೆ ಅವಳ ದಿನದ ಭತ್ಯೆ ₹315. ಐದು ದಿನ ಮಲಗಿದರೆ ಮೊದಲ ಎರಡು ದಿನ ಕಾಯುವ ಅವಧಿ, ಅದಕ್ಕೆ ಏನೂ ಇಲ್ಲ. ಉಳಿದ ಮೂರು ದಿನಕ್ಕೆ ₹945 ಬರುತ್ತದೆ. ಕೆಲಸಕ್ಕೆ ಹೋಗಿದ್ದರೆ ₹2,250 ಆಗುತ್ತಿತ್ತು. ಆ ಭತ್ಯೆಯೂ ಸಿಗುವುದು ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ. ಹೊಸದಾಗಿ ಸೇರಿದವರು ಒಂಬತ್ತು ತಿಂಗಳು ಕಾಯಬೇಕು. ಮೈ ಸುಡುತ್ತಿದ್ದರೂ ಮಾತ್ರೆ ನುಂಗಿ ಬಸ್ ಹತ್ತುವುದು ಯಾಕೆಂದು ಈ ಲೆಕ್ಕವೇ ಹೇಳುತ್ತದೆ. ಇಎಸ್‌ಐನ ನಿಜವಾದ ಬಲ ಬೇರೆ ಕಡೆ ಇತ್ತು: ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನು, ಶಿಕ್ಷಿಸುವುದನ್ನು 1948ರ ಕಾಯ್ದೆಯ 73ನೇ ಕಲಂ ನಿಷೇಧಿಸಿತ್ತು.

ಹೆಣ್ಣುಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ ರಜೆಗಳು ಬೇರೆ ದಾರಿಯಲ್ಲಿ ಬೆಳೆದಿವೆ. ಹೆರಿಗೆ ರಜೆ 2017ರಿಂದ 26 ವಾರ. ಗರ್ಭಪಾತವಾದರೆ ಆರು ವಾರ. ಬಸಿರಿನಿಂದಲೋ ಹೆರಿಗೆಯಿಂದಲೋ ಕಾಯಿಲೆಯಾದರೆ ಇನ್ನೊಂದು ತಿಂಗಳು. 2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನದ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಇದಕ್ಕಾಗಿ ನೇಮಿಸಿದ್ದ ಸಮಿತಿ ಶಿಫಾರಸು ಮಾಡಿದ್ದು ವರ್ಷಕ್ಕೆ ಆರು ದಿನ, ಸರ್ಕಾರ ಹನ್ನೆರಡಕ್ಕೆ ಏರಿಸಿತು. 18ರಿಂದ 52 ವರ್ಷದ ಉದ್ಯೋಗಸ್ಥ ಮಹಿಳೆಯರಿಗೆ ಎಂದು ಹೇಳಿದ ಸರ್ಕಾರಿ ಆದೇಶ ವೈದ್ಯರ ಚೀಟಿ ಕೇಳುವುದಿಲ್ಲ. ಕಾಯಿಲೆ ರಜೆಗೆ ಎಲ್ಲೆಡೆ ಪ್ರಮಾಣಪತ್ರ ಕೇಳುವ ನಾಡಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಕಿರುಕುಳದಿಂದ ತಪ್ಪಿಸಿಕೊಳ್ಳಲು ಸಿಗುವ ರಕ್ಷಣಾ ರಜೆ ಮಾತ್ರ ಇನ್ನೂ ಅರೆಬರೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆಯಲ್ಲಿ ಅದರ ಎಳೆ ಇದೆ. ವಿಚಾರಣೆ ನಡೆಯುವಾಗ ದೂರುದಾರ ಮಹಿಳೆ ಲಿಖಿತವಾಗಿ ಕೇಳಿದರೆ, ದೂರು ವಿಚಾರಿಸುವ ಸಮಿತಿಯ ಶಿಫಾರಸಿನ ಮೇಲೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಅದನ್ನು ಅವಳ ಬೇರೆ ರಜೆಯಲ್ಲಿ ಕಳೆಯುವಂತಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ದೂರು ಹೋಗಬೇಕಾದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಗಂಡನ ಮನೆಯಲ್ಲಿ ಪೆಟ್ಟು ತಿಂದು ಪೊಲೀಸ್ ಠಾಣೆ, ಕೋರ್ಟು ಅಲೆಯುವವಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ವಾಸದ ಹಕ್ಕು, ಜೀವನಾಂಶ ಕೊಡುತ್ತದೆ, ರಜೆ ಕೊಡುವುದಿಲ್ಲ. ಫಿಲಿಪ್ಪೀನ್ಸ್ 2004ರಲ್ಲೇ ಇಂಥವರಿಗೆ ಹತ್ತು ದಿನದ ಸಂಬಳ ಸಹಿತ ರಜೆ ಕೊಟ್ಟಿದೆ, ನ್ಯೂಜಿಲೆಂಡ್ 2019ರಿಂದ ಕೊಡುತ್ತಿದೆ.

ಉಳಿದವನು ಕಾಯಿ ಸುಲಿಯುವ ಚಿಕ್ಕಪ್ಪ. ಹೊಳಲ್ಕೆರೆಯ ಅಡಿಕೆ ಸುಲಿಯುವವರು, ಹಿರಿಯೂರಿನ ಹೊಲಗಳಲ್ಲಿ ಈರುಳ್ಳಿ ಕೀಳುವವರು ಕೂಡ ಅವನ ಸಾಲಿನವರೇ. ಮಾಲೀಕ ದಿನಕ್ಕೊಬ್ಬ, ಹಾಜರಿ ಮೇಸ್ತ್ರಿಯ ನೆನಪಿನಲ್ಲಿ. ಅವರಿಗೆ ಕಾಯಿಲೆ ರಜೆ ಕೊಡುವ ಕಾನೂನು ಯಾವುದೂ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಆಸ್ಪತ್ರೆ ವೆಚ್ಚ ಸಿಗುತ್ತದೆ. ಹಾಸಿಗೆ ಹಿಡಿದ ದಿನಗಳ ಕೂಲಿ ಆ ಲೆಕ್ಕಕ್ಕೆ ಬರುವುದಿಲ್ಲ.