ಬುಧವಾರ ಗುಡ್ಡೆ ಹತ್ತುವ ಜೀಪು

ಕುಕ್ಕರು ಕೂಗಿದ್ದಾಯಿತು. ಮನೆಯಾಕೆ ಉರಿ ಸಣ್ಣ ಮಾಡಿ ಗೋಡೆಯ ಗಡಿಯಾರ ನೋಡುತ್ತಾಳೆ. ಇನ್ನು ಅರ್ಧ ಗಂಟೆ ಹಬೆ ಆಗಬೇಕು. ಕುಕ್ಕರಿನ ಒಳಗಿರುವುದು ಒಂದು ಸ್ಟೀಲು ಡಬ್ಬಿ. ಅದರಲ್ಲಿ ಒಗೆದು ಒಣಗಿಸಿ ಅಂಗೈಯಗಲಕ್ಕೆ ಕತ್ತರಿಸಿ ಮಡಚಿಟ್ಟ ಹಳೆಯ ಹತ್ತಿ ಪಂಚೆಯ ತುಂಡುಗಳು. ಪಕ್ಕದಲ್ಲಿ ಕುದಿಸಿ ಆರಲು ಇಟ್ಟ ನೀರು ಇದೆ, ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ. ಗಂಡನ ಬೆನ್ನಿನ ಹುಣ್ಣು ತೊಳೆಯುವ ನೀರೂ ಒರೆಸಿ ಕಟ್ಟುವ ಬಟ್ಟೆಯೂ ಹೀಗೆ ಅಡುಗೆಮನೆಯಲ್ಲೇ ತಯಾರಾಗುತ್ತವೆ. ಪೇಟೆಯ ಮೆಡಿಕಲ್ಲಿನಲ್ಲಿ ದಿನವೂ ಬ್ಯಾಂಡೇಜು ಬಟ್ಟೆ, ಸಲೈನು ಕೊಳ್ಳುತ್ತಿದ್ದರೆ ಈ ಮನೆಯ ಅಡಿಕೆಯ ದುಡ್ಡೆಲ್ಲ ಅದಕ್ಕೇ ಹೋಗುತ್ತಿತ್ತು.

ಗಂಡ ಅಡಿಕೆ ಮರದಿಂದ ಬಿದ್ದವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿದ್ದಾಗ ಕಾಲು ಜಾರಿತು. ಬೆನ್ನುಹುರಿಗೆ ಏಟಾಗಿ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಅಡಿಕೆ ಬೆಳೆಯುವ ಈ ಸೀಮೆಯಲ್ಲಿ ಇಂಥ ಮನೆಗಳು ಊರಿಗೊಂದಾದರೂ ಇರುತ್ತವೆ. ಬಿದ್ದ ದಿನ ಊರೆಲ್ಲ ಸೇರುತ್ತದೆ, ಮಂಗಳೂರಿನ ಆಸ್ಪತ್ರೆಗೆ ಸಾಗಿಸುತ್ತದೆ, ಖರ್ಚಿಗೆ ಕೈ ಜೋಡಿಸುತ್ತದೆ. ಆಮೇಲೆ ಆಸ್ಪತ್ರೆಯವರು ‘ಇನ್ನು ಮನೆಗೆ ಕರಕೊಂಡು ಹೋಗಿ’ ಎನ್ನುತ್ತಾರೆ. ಅಲ್ಲಿಂದ ಮುಂದಿನ ಇಪ್ಪತ್ತು ಮೂವತ್ತು ವರ್ಷ ಯಾರು ನೋಡಬೇಕು?

ಇದು ಕಾಸರಗೋಡು ಜಿಲ್ಲೆಯ ಪೂರ್ವದ ಅಂಚು. ಪೆರ್ಲ, ಬದಿಯಡ್ಕದ ಆಸುಪಾಸಿನ ಗುಡ್ಡಗಳು. ಮುರಕಲ್ಲಿನ ಹಾಸು, ಬುಡದಲ್ಲಿ ಅಡಿಕೆ ತೋಟ, ಗುಡ್ಡೆಯನ್ನು ಅಡ್ಡಡ್ಡಕ್ಕೆ ಕೊರೆದು ನೀರು ತೆಗೆಯುವ ಸುರಂಗಗಳು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ತೋಡು ದಾಟಬೇಕು, ಅಡಿಕೆ ಮರದ ಸಂಕದ ಮೇಲೆ ಕಾಲಿಡಬೇಕು. ಸರಕಾರ ಕೇರಳದ್ದು, ಮನೆಯೊಳಗಿನ ಮಾತು ಕನ್ನಡ, ತುಳು, ಮಲಯಾಳ, ಮರಾಟಿ, ಬ್ಯಾರಿ. ದೊಡ್ಡ ಕಾಯಿಲೆ ಬಂದರೆ ಜನ ನೋಡುವುದು ಉತ್ತರಕ್ಕೆ, ಮಂಗಳೂರಿನ ಕಡೆಗೆ. 2020ರ ಮಾರ್ಚಿನಲ್ಲಿ ಲಾಕ್‌ಡೌನೆಂದು ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿ ಒಮ್ಮೆಗೇ ಕಡಿದುಹೋಯಿತು. ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ದಿನಗಳಲ್ಲಿ ಮಲಗಿದವರ ಮನೆಗಳಿಗೆ ಗೊತ್ತಾದದ್ದು ಇಷ್ಟು: ಐವತ್ತು ಕಿಲೋಮೀಟರು ಆಚೆಯ ಹತ್ತು ಮಾಳಿಗೆಯ ಆಸ್ಪತ್ರೆಗಿಂತ ಮನೆ ಮೆಟ್ಟಿಲಿಗೆ ಬರುವ ಒಬ್ಬ ನರ್ಸು ಹೆಚ್ಚು ಹತ್ತಿರ.

ಜೀಪಿನ ಸದ್ದು ಕೇಳಿಸಿತು. ಪಂಚಾಯತಿನ ಪ್ಯಾಲಿಯೇಟಿವ್ ತಂಡ, ಅಂದರೆ ವಾಸಿಯಾಗದವರ ನೋವು ಸಂಕಟ ಇಳಿಸುವವರು. ನರ್ಸು, ಆಶಾ ಕಾರ್ಯಕರ್ತೆ, ಊರಿನ ಒಬ್ಬ ಸ್ವಯಂಸೇವಕ, ಚಾಲಕ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯನ್ನು ಬಳಸಿ ಬಂದು, ಕಾಲು ತೊಳೆದು ಜಗಲಿಗೆ ಹತ್ತುತ್ತಾರೆ.

“ಎಂತ ಅಕ್ಕ, ಅಣ್ಣನಿಗೆ ಹೇಗುಂಟು?”

“ಉಂಟು ಸಿಸ್ಟರ್, ಮೊನ್ನೆ ರಾತ್ರಿ ಚಳಿ ಜ್ವರ ಬಂದಿತ್ತು. ಮೂತ್ರದ ಟ್ಯೂಬಿನ ನೀರು ಮಡ್ಡಿ ಇತ್ತು. ನೀವು ಹೇಳಿದ ಹಾಗೆ ನೀರು ಜಾಸ್ತಿ ಕುಡಿಸಿದೆ. ಬೆಳಿಗ್ಗೆ ಆಶಾ ಅಕ್ಕನಿಗೆ ಫೋನು ಮಾಡಿದೆ.”

ಸಿಸ್ಟರ್ ಮೊದಲು ಫೈಲು ಬಿಚ್ಚುವುದಿಲ್ಲ, ಬಿಪಿ ಪಟ್ಟಿಯನ್ನೂ ಸುತ್ತುವುದಿಲ್ಲ. ಗ್ಲೌಸು ಹಾಕಿಕೊಂಡು, ರೋಗಿಯನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, ಬೆನ್ನು ನೋಡುತ್ತಾರೆ. ಸೊಂಟದ ಕೆಳಗಿನ ಬಾಲದ ಎಲುಬು, ಎರಡೂ ಪಿರ್ರೆಯ ಬದಿ, ಹಿಮ್ಮಡಿ, ಮೊಣಕಾಲಿನ ಒಳಗಡೆ. ಎಲ್ಲೆಲ್ಲಿ ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಬೀಳುತ್ತದೋ ಅಲ್ಲೆಲ್ಲ ಬೆರಳು ಒತ್ತಿ ನೋಡುತ್ತಾರೆ. ಒತ್ತಿ ಬಿಟ್ಟಾಗ ಕೆಂಪು ಮಾಸದೆ ಹಾಗೇ ಉಳಿದರೆ ಅದು ಮುಂದಿನ ಹುಣ್ಣಿನ ಜಾಗ. ಸ್ಪರ್ಶವಿಲ್ಲದ ದೇಹಕ್ಕೆ ನೋವು ಎಚ್ಚರ ಕೊಡುವುದಿಲ್ಲ. ಆ ಎಚ್ಚರವನ್ನು ಮನೆಯವರ ಕಣ್ಣು ಕೊಡಬೇಕು.

ಆಸ್ಪತ್ರೆಯಿಂದ ಬಂದಾಗ ಮುಷ್ಟಿ ಹೋಗುವಷ್ಟು ಆಳವಿದ್ದ ಹುಣ್ಣು ಈಗ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಬಂದಿದೆ. ತಳದಲ್ಲಿ ಕೆಂಪು ಹೊಸ ಮಾಂಸ. ಆಗ ನಾತಕ್ಕೆ ನೆಂಟರು ಕೋಣೆಗೆ ಬರುತ್ತಿರಲಿಲ್ಲವಂತೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿಗೆ ಉದುರಿಸಿದ ಮೇಲೆ ಕೆಲವೇ ದಿನಗಳಲ್ಲಿ ನಾತ ಇಳಿಯಿತು, ಅಣ್ಣತಮ್ಮಂದಿರು ಮತ್ತೆ ಮಂಚದ ಹತ್ತಿರ ಕುಳಿತು ಮಾತಾಡತೊಡಗಿದರು. ಕೆಲವು ರೂಪಾಯಿಯ ಮಾತ್ರೆ ಒಬ್ಬ ಮನುಷ್ಯನಿಗೆ ಅವನ ಬಂಧುಗಳನ್ನು ಮರಳಿ ತಂದಿತು.

ಡ್ರೆಸ್ಸಿಂಗು ಮಾಡುವುದು ಹೆಂಡತಿ. ಸಿಸ್ಟರ್ ಪಕ್ಕದಲ್ಲಿ ನಿಂತು ನೋಡುತ್ತಾರೆ. ಕೈ ತೊಳೆದದ್ದು ಸಾಕಾಯಿತೇ, ಡಬ್ಬಿಯ ಬಟ್ಟೆ ತೆಗೆಯುವಾಗ ಬೆರಳು ಒಳಗೆ ತಾಗಿತೇ, ಮಧ್ಯದಿಂದ ಹೊರಕ್ಕೆ ಒರೆಸಿದರೇ. ಒಂದು ಕಡೆ ಮಾತ್ರ ತಡೆದು, “ಅಕ್ಕ, ಅದನ್ನು ತಿರುಗಿ ಒಳಗೆ ತರಬೇಡಿ, ಹೊಸ ತುಂಡು ತೆಗೊಳ್ಳಿ” ಎನ್ನುತ್ತಾರೆ. ಮುಗಿದ ಮೇಲೆ ಮೂತ್ರದ ಟ್ಯೂಬನ್ನು ತಾವೇ ಬದಲಿಸುತ್ತಾರೆ, ಅದು ಅವರ ಕೆಲಸ. ತಿರುಗಿಸಿ ಮಲಗಿಸುವುದು ಎರಡು ಗಂಟೆಗೊಮ್ಮೆ, ರಾತ್ರಿಯೂ. ಅದಕ್ಕೆ ಮನೆಯ ಮೂವರು ಪಾಳಿ ಹಾಕಿಕೊಂಡಿದ್ದಾರೆ. ಪಾಳಿಯ ಚೀಟಿ ಕ್ಯಾಲೆಂಡರಿನ ಪಕ್ಕದಲ್ಲಿ ನೇತಾಡುತ್ತದೆ.

ಮನೆಯಾರೈಕೆ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ನಾನಾದರೆ ಈ ಚೀಟಿಯನ್ನೇ ನೋಡುತ್ತೇನೆ. ಪಂಚಾಯತಿನ ರಿಜಿಸ್ಟರಿನಲ್ಲಿ ತಿಂಗಳಿಗೆ ಎಷ್ಟು ಮನೆ ಹತ್ತಿದರು ಎಂಬ ಲೆಕ್ಕ ಇರುತ್ತದೆ, ಇರಲೂ ಬೇಕು. ಆದರೆ ಜೀಪು ಬರುವುದು ಒಂದು ದಿನ. ಜೀಪು ಬಾರದ ದಿನಗಳಲ್ಲಿ ಆ ಮನೆಯವರ ಕೈಗೆ ಏನು ಬರುತ್ತದೆ, ಯಾವ ಹೊತ್ತಿಗೆ ಯಾರಿಗೆ ಫೋನು ಮಾಡಬೇಕೆಂದು ಅವರಿಗೆ ಗೊತ್ತಿದೆಯೇ, ಮಾಡಿದರೆ ಆ ಕಡೆ ಯಾರಾದರೂ ಎತ್ತುತ್ತಾರೆಯೇ ಎಂಬುದರಲ್ಲಿ ಗುಣಮಟ್ಟ ಇದೆ.

ಕೇರಳ ಈ ಮನೆಯಾರೈಕೆಯನ್ನು ಕಲಿತದ್ದು ಅನುಭವದಿಂದ. 1993ರಲ್ಲಿ ಕೋಝಿಕ್ಕೋಡು ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಸೇರಿ ನೋವು ಶಮನದ ಹೊರರೋಗಿ ವಿಭಾಗ ಆರಂಭಿಸಿದರು. ನಡೆದು ಬರಬಲ್ಲವರು ಬಂದರು. ಅತಿ ಹೆಚ್ಚು ನೋವಿದ್ದವರಿಗೆ, ಹಾಸಿಗೆ ಬಿಟ್ಟು ಏಳಲಾರದವರಿಗೆ, ಬಸ್ಸು ಹತ್ತಿ ಬರಲು ಆಗಲಿಲ್ಲ. ಹಾಗಾಗಿ ಆರೈಕೆಯೇ ಮನೆಗೆ ಹೊರಟಿತು. ಈ ಶತಮಾನದ ಆರಂಭದಲ್ಲಿ ಮಲಪ್ಪುರಂ ಕಡೆಯ ಊರುಗಳಲ್ಲಿ ಅಂಗಡಿಯವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಸಣ್ಣ ಸಣ್ಣ ದುಡ್ಡು ಕೂಡಿಸಿ ತಮ್ಮ ನೆರೆಯ ರೋಗಿಗಳ ಹೊಣೆ ಹೊತ್ತರು. 2008ರಲ್ಲಿ ಸರಕಾರ ಪ್ಯಾಲಿಯೇಟಿವ್ ನೀತಿಯನ್ನೇ ಹೊರಡಿಸಿತು, ದೇಶದಲ್ಲಿ ಮೊದಲು. ಮನೆಗೆ ಹೋಗುವ ನರ್ಸು ಗ್ರಾಮ ಪಂಚಾಯತಿನ ಯೋಜನೆಯ ಭಾಗವಾದಳು. 2010ರಲ್ಲಿ ಇಕನಾಮಿಸ್ಟ್ ಬಳಗದವರು ಬದುಕಿನ ಕೊನೆಗಾಲದ ಆರೈಕೆಯ ಬಗ್ಗೆ 40 ದೇಶಗಳ ಪಟ್ಟಿ ಮಾಡಿದಾಗ ಭಾರತಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಅದೇ ವರದಿ ಕೇರಳವನ್ನು ಮಾತ್ರ ಪ್ರತ್ಯೇಕವಾಗಿ ಎತ್ತಿ ಹೊಗಳಿತು.

ಜೀಪು ಮುಂದಿನ ಮನೆಗೆ ಹೋಗುತ್ತದೆ. ಅಜ್ಜಿಗೆ ಕೆನ್ನೆಯ ಕ್ಯಾನ್ಸರ್. ಎಲೆ, ಅಡಿಕೆ, ಹೊಗೆಸೊಪ್ಪು ಜೀವಮಾನವಿಡೀ ಬಾಯಲ್ಲಿತ್ತು. ಸಿಸ್ಟರ್ ಕಣ್ಣೂರಿನ ಕಡೆಯವರು. ಆದರೂ ಮಂಚದ ಅಂಚಿಗೆ ಕುಳಿತು ತುಳುವಿನಲ್ಲೇ “ಬೇನೆ ಉಂಡಾ ಅಜ್ಜೀ?” ಎಂದು ಕೇಳುತ್ತಾರೆ. ಅಜ್ಜಿಗೆ ತುಳು ಬಿಟ್ಟು ಬೇರೆ ಮಾತು ಬಾರದು. ನೋವು ಎಷ್ಟೆಂದು ತೋರಿಸಲು ಅವರು ಎರಡು ಬೆರಳು ಎತ್ತುತ್ತಾರೆ. ಹೋದ ತಿಂಗಳು ಎಂಟು ಬೆರಳಿತ್ತೆಂದು ಫೈಲಿನಲ್ಲಿದೆ.

ಇಳಿಸಿದ್ದು ಮಾರ್ಫಿನ್ ಮಾತ್ರೆ. ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಬೆಳಗಿನ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ರಾತ್ರಿ ಹತ್ತಕ್ಕೆ ಎರಡು ಪಾಲು, ನಡುರಾತ್ರಿ ಎಬ್ಬಿಸುವುದು ಬೇಡವೆಂದು. ಓದಲು ಬಾರದ ಸೊಸೆಗಾಗಿ ರಟ್ಟಿನ ಮೇಲೆ ಸೂರ್ಯ, ಊಟದ ತಟ್ಟೆ, ದೀಪ, ಚಂದ್ರ ಮೊದಲಾದ ಚಿತ್ರ ಬರೆದು ಅದರ ಕೆಳಗೆ ಮಾತ್ರೆ ಅಂಟಿಸಿದ್ದಾರೆ. ಜತೆಗೆ ಮಲ ಸಡಿಲಿಸುವ ಮಾತ್ರೆ ತಪ್ಪಕೂಡದು. ಮಾರ್ಫಿನ್ ಹೊಟ್ಟೆ ಕಟ್ಟುತ್ತದೆ, ಸಡಿಲಿಸುವ ಮಾತ್ರೆ ಮರೆತರೆ ರೋಗಿ ನೋವಿನ ಮಾತ್ರೆಯನ್ನೇ ಬೇಡವೆನ್ನುತ್ತಾಳೆ. ಮಗ ಮೊದಲು ಹೆದರಿದ್ದರು, ಅಫೀಮಿನ ಮಾತ್ರೆ, ಚಟ ಹತ್ತುತ್ತದೆ ಎಂದು. ದೇಶವೇ ಹಾಗೆ ಹೆದರಿತ್ತು. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯ ಮೇಲೆ ನಿಯಮ ಸಲೀಸಾಯಿತು, ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಸಿಸ್ಟರ್ ಉಳಿದ ಮಾತ್ರೆಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಒಂದೂ ಹೆಚ್ಚುಕಡಿಮೆ ಇಲ್ಲ. ಅಜ್ಜಿ ರಾತ್ರಿ ಮಲಗುತ್ತಾರೆ, ಗಂಜಿ ಕುಡಿಯುತ್ತಾರೆ, ಮೊಮ್ಮಗಳ ಜಡೆ ಹಾಕಿಕೊಡುತ್ತಾರೆ.

ಮೂರನೆಯ ಮನೆ ಗೇರು ತೋಟದ ಪಕ್ಕದಲ್ಲಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಈ ಗುಡ್ಡಗಳ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಪಡ್ರೆಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು, ಪತ್ರಕರ್ತ ಶ್ರೀಪಡ್ರೆ ಊರಿನಲ್ಲಿ ಕಂಡದ್ದನ್ನು ಬರೆದೂ ಬರೆದೂ ಹೊರಲೋಕಕ್ಕೆ ಮುಟ್ಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಹೇಳಿತು. ಆ ಹಣಕ್ಕಾಗಿ ಜನ ಮತ್ತೆ ಕೋರ್ಟು ಹತ್ತಬೇಕಾಯಿತು.

ಈ ಮನೆಯ ಮಗನಿಗೆ ಮೂವತ್ತು ದಾಟಿದೆ. ಕೈಕಾಲು ಸೆಟೆದುಕೊಂಡಿವೆ, ಮಾತಿಲ್ಲ, ಅಪಸ್ಮಾರ ಇದೆ. ಅಮ್ಮ ಅವನನ್ನು ದಿನವೂ ಎತ್ತಿ ಸ್ನಾನಕ್ಕೆ ಒಯ್ಯುತ್ತಾರೆ. ಸಿಸ್ಟರ್ ಮಗನ ಕೀಲುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ, ಫಿಟ್ಸಿನ ಮಾತ್ರೆ ಎಷ್ಟು ಉಳಿದಿದೆ ನೋಡಿ, ಆಮೇಲೆ ಅಮ್ಮನನ್ನು ಕೂರಿಸಿ ಅವರ ಬಿಪಿ ನೋಡುತ್ತಾರೆ. ಹೆಚ್ಚಿದೆ. ಭುಜ ಎತ್ತಲು ಆಗುತ್ತಿಲ್ಲ.

“ಅಮ್ಮ, ನಿಮ್ಮ ಮಾತ್ರೆ?”

“ಮುಗಿದು ಒಂದು ವಾರ ಆಯ್ತು. ಇವನನ್ನು ಬಿಟ್ಟು ಹೇಗೆ ಹೋಗುದು ಆಸ್ಪತ್ರೆಗೆ?”

ಮಾತ್ರೆ ಜೀಪಿನಲ್ಲಿತ್ತು, ಕೊಟ್ಟರು. ಆಶಾ ಕಾರ್ಯಕರ್ತೆ ಸೋಮವಾರ ಎರಡು ತಾಸು ಬಂದು ಮಗನ ಹತ್ತಿರ ಕೂರುವುದೆಂದೂ ಅಮ್ಮ ಆಗ ಭುಜ ತೋರಿಸಿಕೊಂಡು ಬರುವುದೆಂದೂ ಅಲ್ಲೇ ಮಾತಾಯಿತು. ಹೊರಡುವಾಗ ಅಮ್ಮ ಕೇಳಿದರು, “ನಾನು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ ಸಿಸ್ಟರ್?” ಈ ಗುಡ್ಡಗಳ ಎಷ್ಟೋ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ವಾರದ ಜೀಪಿನಿಂದ ಅದಕ್ಕೆ ಉತ್ತರ ಸಿಗದು. ಇಂಥ ಮಕ್ಕಳಿಗೆ ಹಗಲು ಹೊತ್ತು ಬಡ್ಸ್ ಎಂಬ ವಿಶೇಷ ಶಾಲೆಗಳಿವೆ. ಅಮ್ಮಂದಿರು ವಯಸ್ಸಾಗಿ ತೀರಿಕೊಂಡಾಗ ದೊಡ್ಡವರಾದ ಈ ಮಕ್ಕಳಿಗೆ ಜೀವನವಿಡೀ ನೆಲೆ ಬೇಕು. ಅದನ್ನು ಕಟ್ಟಿಕೊಡುವುದು ವಿಷ ಸುರಿದ ಸರಕಾರದ ಋಣ.

ಕೊರತೆ ಬೇರೆಯೂ ಇದೆ. ಇಡೀ ಪಂಚಾಯತಿಗೆ ನರ್ಸು ಒಬ್ಬರೇ. ಅವರು ರಜೆ ಹಾಕಿದರೆ ಟ್ಯೂಬು ಬದಲಿಸುವವರಿಲ್ಲ. ಅವರ ಕೆಲಸ ಗುತ್ತಿಗೆಯದು, ಸಂಬಳ ಪಂಚಾಯತಿನ ಯೋಜನಾ ಹಣದಿಂದ ಬರಬೇಕು. ಇಷ್ಟು ಮನೆಗಳ ಒಳಗುಟ್ಟು ಬಲ್ಲ, ಇಷ್ಟು ಜನರ ಬೆನ್ನು ಕಾಯುವ ಒಬ್ಬಳಿಗೆ ಮುಂದಿನ ವರ್ಷದ ಕೆಲಸದ ಭರವಸೆ ಇಲ್ಲದಿರುವುದು ತೀರ ಅನ್ಯಾಯ. ಗಡಿಯ ಈಚೆ ಕರ್ನಾಟಕದ ವಿಟ್ಲ, ಪುತ್ತೂರಿನ ಹಳ್ಳಿಗಳಲ್ಲೂ ಜನ ಅದೇ ಅಡಿಕೆ ಮರದಿಂದ ಬೀಳುತ್ತಾರೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ಪ್ಯಾಲಿಯೇಟಿವ್ ಆರೈಕೆಯೂ ಸೇರಿದೆ. ಆದರೆ ಪ್ರತಿ ಗ್ರಾಮ ಪಂಚಾಯತಿಗೂ ಒಬ್ಬ ನರ್ಸು, ಒಂದು ಜೀಪು, ಒಂದು ಗೊತ್ತಾದ ವಾರ ಎಂಬುದು ನಮ್ಮ ಕಡೆ ಇನ್ನೂ ಆಗಬೇಕಾಗಿದೆ. ಕುಕ್ಕರಿನಲ್ಲಿ ಬಟ್ಟೆ ಬೇಯಿಸುವುದನ್ನು ಕಲಿಸಲು ದೊಡ್ಡ ಬಜೆಟ್ಟು ಬೇಡ.

ಕೊನೆಯ ಮನೆಯಲ್ಲಿ ರೋಗಿ ಇಲ್ಲ, ತೀರಿಕೊಂಡು ಹದಿನೈದು ದಿನ. ಆದರೂ ತಂಡ ಹೋಗುತ್ತದೆ. ಮಗಳು ಚಹಾ ಕೊಡುತ್ತಾಳೆ, ಕೊನೆಯ ರಾತ್ರಿ ಅಪ್ಪ ಏನು ಹೇಳಿದರೆಂದು ಹೇಳುತ್ತಾಳೆ, ಸಿಸ್ಟರ್ ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಪಂಚಾಯತಿನ ಏರ್ ಬೆಡ್ಡನ್ನು ಸೋಪಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಸುತ್ತಿ ಕಟ್ಟಿ ಜಗಲಿಯಲ್ಲಿ ಇಟ್ಟಿದ್ದಾಳೆ. ಗಾಳಿ ತುಂಬುವ ಪಂಪು ಬೇರೆ ಚೀಲದಲ್ಲಿದೆ. ಚಾಲಕ ಅದನ್ನು ಜೀಪಿನ ಮೇಲೆ ಹಾಕಿ ಹಗ್ಗ ಬಿಗಿಯುವಷ್ಟರಲ್ಲಿ ಸಿಸ್ಟರ್ ಪುಸ್ತಕ ತೆರೆದು, ಬೆಡ್ಡಿಗಾಗಿ ಕಾಯುತ್ತಿರುವವರ ಪಟ್ಟಿಯ ಮೊದಲ ಮನೆಗೆ ಫೋನು ಹಚ್ಚುತ್ತಾರೆ.

“ಹಲೋ ಅಕ್ಕ, ಬೆಡ್ಡು ಸಿಕ್ಕಿತು, ಇವತ್ತೇ ತರ್ತೇವೆ. ಮಂಚದ ಹತ್ತಿರ ಪ್ಲಗ್ಗು ಉಂಟಾ? ಇಲ್ಲದಿದ್ದರೆ ಉದ್ದದ ವಯರು ಒಂದು ನೋಡಿಡಿ.”